ಬಂದೂಕಿನಂಗಡಿ ಕಾಕಾರ ಬಲಗೈ

ಅವರ ಬಲಗೈಯ ನಡುವಿನ ಮೂರು ಬೆರಳುಗಳಿಗೆ ಎರಡು ವಾಸನೆ ಇತ್ತು. ಒಂದು ಮುಂಜಾನೆಯ ವಿಭೂತಿಯದು, ಇನ್ನೊಂದು ಬಂದೂಕಿಗೆ ಹಚ್ಚುವ ಎಣ್ಣೆಯದು. ಹಣೆಯ ಮೂರು ಗೆರೆಗಳಲ್ಲಿ ಕೆಳಗಿನದಕ್ಕೆ ಮಧ್ಯಾಹ್ನದ ಹೊತ್ತಿಗೆ ಎಣ್ಣೆಯ ಕಪ್ಪು ತಾಗಿರುತ್ತಿತ್ತು. ಹುಬ್ಬಳ್ಳಿಯ ಹಳೇ ಪೇಟೆಯಲ್ಲಿ ಒಂದು ಪಾತ್ರೆ ಅಂಗಡಿಗೂ ಒಂದು ಬಟ್ಟೆ ಅಂಗಡಿಗೂ ನಡುವೆ ಅವರ ಬಂದೂಕಿನಂಗಡಿ. ಹಂದಿ ಕಾಟಕ್ಕೆ ಗುಂಡಿನ ತೋಟಾ ಕೊಳ್ಳಲು ಬರುವ ರೈತರು, ಬಂದೋಬಸ್ತಿನ ಪೊಲೀಸರು, ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು. ನಾನೂ ಅಂದೆ. ಅಷ್ಟು ಪ್ರೀತಿಯಿಂದ ಕರೆಸಿಕೊಂಡ ಆ ಮನುಷ್ಯ ನನ್ನ ತಲೆ ತಿಂದಷ್ಟು ಇನ್ನಾರೂ ತಿಂದಿಲ್ಲ.

ಉಣಕಲ್‌ನಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಇಡೀ ದಿನ ಮಂದಿಯ ಕೆಮ್ಮು, ಸಕ್ಕರೆ ಕಾಯಿಲೆ, ಉದ್ರಿಯ ಮಾತು ಕೇಳಿ ಕೇಳಿ ಸಾಕಾಗಿ, ಯಾರೂ ಮಾತಾಡದ ಒಂದು ಆಟ ಬೇಕೆನಿಸಿ ಶೂಟಿಂಗ್ ಕಲಿಯಲು ಸೇರಿದೆ. ಮೊದಲು ಹತ್ತು ಮೀಟರ್‌ನ ಏರ್ ರೈಫಲ್. ಎಡಗಣ್ಣು ಬಿಗಿಯಾಗಿ ಮುಚ್ಚಿ ಹೊಡೆಯುತ್ತಿದ್ದೆ; ಮನೆಗೆ ಬರುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಆದರೂ ಆಸೆ ಬೆಳೆಯಿತು. ಐವತ್ತು ಮೀಟರ್‌ನಿಂದ ಶುರುಮಾಡಿ, ಮುಂದೆ ಮುನ್ನೂರು ಮೀಟರ್ ದೂರದ ಗುರಿಗೆ ಹೋಗಬೇಕು. ಅದಕ್ಕೆ ಬೋಲ್ಟ್ ರೈಫಲ್ ಬೇಕು, ಅಂದರೆ ಒಂದೊಂದು ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು, ತಳ್ಳಿ, ಮತ್ತೆ ಗುರಿ ಹಿಡಿಯುವ ಬಂದೂಕು.

ಲೈಸೆನ್ಸಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಯಿತು. ವಿಚಾರಣೆಗೆ ಪೊಲೀಸರು ಮನೆಗೆ ಬಂದು ಹೋದ ಮೇಲೆ ಎದುರು ಮನೆಯವರು ಒಂದು ವಾರ ನನ್ನ ಅಂಗಡಿಗೆ ಬರಲಿಲ್ಲ. ನಮ್ಮವ್ವ, "ಲಗ್ನದಾಗ ಬಂಗಾರ ಬ್ಯಾಡಂದಾಕಿ, ಈಗ ಬಂದೂಕ ಬೇಕಂತಾಳ" ಎಂದು ಕಂಡಕಂಡವರ ಮುಂದೆ ಹೇಳಿಕೊಂಡು ಬಂದಳು. ಕಡೆಗೂ ಲೈಸೆನ್ಸ್ ಕೈಗೆ ಬಂತು. ಇಂತಿಷ್ಟು ದಿನದೊಳಗೆ ಬಂದೂಕು ಕೊಳ್ಳಬೇಕು, ಇಲ್ಲವಾದರೆ ಮತ್ತೆ ಅರ್ಜಿ ಹಿಡಿದು ಅದೇ ಮೆಟ್ಟಿಲು ಹತ್ತಬೇಕು. ಇನ್ನೇನು, ಅಂಗಡಿಗೆ ಹೋಗಿ ತರುವುದಷ್ಟೇ ಉಳಿದಿದೆ ಅಂದುಕೊಂಡೆ. ದೇವರು ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎಂಬ ಮಾತು ಆಗ ನೆನಪಾಗಲಿಲ್ಲ.

ಕಾಕಾರ ಅಂಗಡಿಗೆ ಹೋದ ಮೊದಲ ದಿನ ಬಲಗೈಯಲ್ಲಿ ಹೆಲ್ಮೆಟ್ ಇತ್ತು. ಲೈಸೆನ್ಸ್ ಪುಸ್ತಕವನ್ನು ಎಡಗೈಯಲ್ಲಿ ಚಾಚಿದೆ. ಕಾಕಾ ಎರಡೂ ಕೈ ಕಟ್ಟಿಕೊಂಡು ಫ್ಯಾನ್ ನೋಡುತ್ತ ಕೂತರು.

"ಅಕ್ಕಾರ, ಕೊಡೂ ಕೈ ಅಲ್ರಿ ಅದು."

ಹೆಲ್ಮೆಟ್ ಕೆಳಗಿಟ್ಟು ಬಲಗೈಯಿಂದ ಕೊಟ್ಟೆ. ಆಗಷ್ಟೇ ಅವರ ಕೈ ಮುಂದೆ ಬಂತು. ನನಗೊಬ್ಬಳಿಗೇ ಅಲ್ಲ, ಯೂನಿಫಾರ್ಮ್ ಹಾಕಿದ ಫೌಜದಾರರಿಗೂ ಅದೇ ಕಾಯಿದೆ. ನನಗೇನೂ ಹೊಸದೆನಿಸಲಿಲ್ಲ. ಸಾಲೆಯಲ್ಲಿ ಅಕ್ಕೋರು ಎಡಗೈಯ ಗೆಣ್ಣಿನ ಮೇಲೆ ಫೂಟ್‌ಪಟ್ಟಿಯಿಂದ ಹೊಡೆದು ಹೊಡೆದು ನನ್ನನ್ನು ಬಲಗೈಯವಳನ್ನಾಗಿ ಮಾಡಿದ್ದರು. ಆಮೇಲೆ ನಾನೇ ಅದನ್ನು ಮರೆತಿದ್ದೆ.

ಕಾಕಾರದೊಂದು ಪರೀಕ್ಷೆ ಇತ್ತು. ಖಾಲಿ ಬಂದೂಕಿನ ಬೋಲ್ಟ್ ತೆರೆದು ತೋರಿಸಿ, ಗುರಿಯ ಚುಕ್ಕೆ ಇದ್ದ ಗೋಡೆಯ ಕಡೆ ಮುಖ ಮಾಡಿಸಿ ಕೈಗೆ ಕೊಡುತ್ತಿದ್ದರು. ಎರಡೂ ಕಣ್ಣು ಮುಚ್ಚಬೇಕು. ಬಂದೂಕನ್ನು ಹೆಗಲಿಗೆ ಒತ್ತಿ, ಕೆನ್ನೆಯನ್ನು ಅದರ ಹಿಂಬದಿಯ ಕಟ್ಟಿಗೆಯ ಮೇಲೆ ಇಡಬೇಕು. ಆಮೇಲೆ ಎರಡೂ ಕಣ್ಣು ತೆರೆಯಬೇಕು. ಕುತ್ತಿಗೆ ಅಲುಗಿಸದೆ ಗುರಿ ಕಣ್ಣಿನೆದುರೇ ಬಂದಿದ್ದರೆ ಬಂದೂಕು ನಿಮ್ಮದು. ಬರದಿದ್ದರೆ, ನೀವು ಮೈಸೂರು ಮಹಾರಾಜರೇ ಆಗಿದ್ದರೂ ಅದು ವಾಪಸ್ ಕಪಾಟಿಗೆ.

"ಬಂದೂಕಂದ್ರ ಅಂಗಿ ಇದ್ದಂಗ್ರಿ. ಮಂದಿ ಮೈಗೆ ಹೊಲಿಸಿದ್ದು ನಿಮಗ ಹೆಂಗ ಆಗ್ತೈತಿ?"

ನಾನು ಕಣ್ಣು ತೆರೆದೆ. ಗುರಿ ಎಲ್ಲೋ ಇತ್ತು, ನಾನೆಲ್ಲೋ ಇದ್ದೆ. ಅದನ್ನು ಹುಡುಕಲು ತಲೆ ತಾನಾಗಿಯೇ ಕಟ್ಟಿಗೆಯ ಮೇಲಿಂದ ಆಚೆ ವಾಲಿತು.

"ಕುತ್ತಿಗಿ ಹೊಳ್ಳಾಕತ್ತೈತ್ರಿ. ಇದು ನಿಮ್ಮದಲ್ಲ."

ಮುಂದಿನ ವಾರ ಬೇರೆ ಬಂದೂಕು, ಅದೇ ಮಾತು. ಅದರ ಮುಂದಿನ ವಾರವೂ ಅಷ್ಟೇ. ನಾನು ಸುಮ್ಮನೆ ಹೋಗುತ್ತಿರಲಿಲ್ಲ. ಮೊಬೈಲಿನಲ್ಲಿ ಓದಬೇಕಾದ್ದನ್ನೆಲ್ಲ ಓದಿಕೊಂಡು, ನಳಿಗೆ ಎಷ್ಟು ದಪ್ಪ ಇರಬೇಕು, ಬೆರಳಿನಿಂದ ಎಳೆಯುವ ಕುದುರೆ ಎಷ್ಟು ಹಗುರ ಇರಬೇಕು, ಮೊದಲ ರೈಫಲ್‌ಗೆ ದುರ್ಬೀನು ಬೇಕೋ ಬೇಡವೋ ಎಂದು ಅವರ ಮುಂದೆ ಉಪನ್ಯಾಸ ಕೊಡುತ್ತಿದ್ದೆ. ಪೂರ್ತಿ ಕೇಳುತ್ತಿದ್ದರು. ಚಹಾ ತರಿಸುತ್ತಿದ್ದರು. ಆಮೇಲೆ, "ನೀವು ಓದಿದ್ದೆಲ್ಲಾ ಖರೇ ಐತ್ರಿ. ಕುತ್ತಿಗಿ ಮಾತ್ರ ಹೊಳ್ಳತೈತಿ" ಅನ್ನುತ್ತಿದ್ದರು. ಆ ಮಾತು ಕೇಳಿದರೆ ಚಹಾದ ಕಪ್ಪನ್ನು ಗೋಡೆಗೆ ಎಸೆಯಬೇಕೆನಿಸುತ್ತಿತ್ತು.

ಒಂದು ಬಂದೂಕಿಗಂತೂ ಬಡಿಗೇರನನ್ನು ಕರೆಸಿ ಹಿಂದಿನ ಕಟ್ಟಿಗೆಯನ್ನು ನನ್ನ ಅಳತೆಗೆ ಕೊಯ್ಸಿದರು, ಕೆನ್ನೆ ಕೂರುವಲ್ಲಿ ಕೆತ್ತಿಸಿದರು. ನೂರಾರು ಜನ ಮುಟ್ಟಿ ಆಸೆಪಟ್ಟ ಛಲೋ ಬಂದೂಕು ಅದು. ಆಮೇಲೂ ನನ್ನ ಕುತ್ತಿಗೆ ಹೊರಳಿತು. ಆ ದಿನ ಕಾಕಾ ಆ ಕಟ್ಟಿಗೆಯ ಗಾಯವನ್ನು ಹೆಬ್ಬೆರಳಿನಿಂದ ಸವರುತ್ತ ಕೂತರು.

ಲೈಸೆನ್ಸಿನ ಅವಧಿ ಕರಗುತ್ತಿತ್ತು. ಒಂದು ಮಧ್ಯಾಹ್ನ ನನ್ನ ಸಹನೆ ಹರಿಯಿತು. "ಕಾಕಾ, ಯಾವುದಾರ ಒಂದು ಕೊಡ್ರಿ. ಕುತ್ತಿಗಿ ನಂದು, ನಾ ನೋಡ್ಕೋತೇನಿ" ಎಂದು ಕಿರುಚಿದೆ. ಪಾತ್ರೆ ಅಂಗಡಿಯವರು ಇಣುಕಿ ನೋಡಿದರು. ಕಾಕಾ ಜಗ್ಗಲಿಲ್ಲ. ಯಾರದೋ ರಿಪೇರಿ ಬಂದೂಕಿನ ಬೋಲ್ಟನ್ನು ಪೂರ್ತಿ ಹೊರಗೆ ತೆಗೆದು ಬದಿಗಿಟ್ಟು, ಬರೀ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ನನ್ನ ಕಣ್ಣಿಗೆ ಪೊರಿ ಬಂದೈತಿ. ಒಳಗ ತುಕ್ಕು ಐತೇನು ನೋಡ್ರಿ."

ಸಿಟ್ಟಿನಲ್ಲೇ ಹೋಗಿ ಬಗ್ಗಿ ನೋಡಿದೆ. ತುಕ್ಕು ಇರಲಿಲ್ಲ. ಹಾಗೆಂದೇ ಹೇಳಿದೆ.

"ಇನ್ನೊಮ್ಮೆ ನೋಡ್ರಿ."

ಇನ್ನೊಮ್ಮೆ ನೋಡಿದೆ. ತಲೆ ಎತ್ತಿದರೆ ಕಾಕಾರ ಮುಖ ಸಪ್ಪಗಾಗಿತ್ತು. ಎರಡೂ ಸಲ ನಾನು ನಳಿಗೆಗೆ ಇಟ್ಟದ್ದು ಎಡಗಣ್ಣು.

"ಅಕ್ಕಾರ, ನೀವು ಎಡಚರೇನ್ರಿ?"

"ಸಣ್ಣಾಕಿ ಇದ್ದಾಗ ಇದ್ದೆ. ಸಾಲ್ಯಾಗ ಬಿಡಿಸ್ಯಾರ."

"ಕೈ ಬಿಡಿಸ್ಯಾರ್ರಿ. ಕಣ್ಣ ಬಿಡಿಸಾಕ ಬರತೈತೇನು? ಬಲಹೆಗಲಿಗೆ ಬಂದೂಕ ಇಟ್ಟು ಎಡಗಣ್ಣಿಲೆ ಗುರಿ ಹುಡುಕಿದ್ರ ಕುತ್ತಿಗಿ ಹೊಳ್ಳದ ಇರತೈತೇನು?" ಅವರ ದನಿ ಏರಿತು. "ಮೊದಲ ಹೇಳಬಾರದೇನ್ರಿ? ಛಲೋ ಬಂದೂಕ ಕೊಯ್ಸಿ ಹಾಳ ಮಾಡಿದೆನಲ್ಲ!"

"ನೀವ ಕೇಳ್ಲಿಲ್ಲಲ್ರಿ! ಎಡಗೈ ಮುಂದ ಮಾಡಿದ್ರ ಫ್ಯಾನ್ ನೋಡ್ಕೋತ ಕುಂದ್ರತೀರಿ, ನಾ ಹೆಂಗ ಹೇಳಬೇಕು?"

ಕಾಕಾ ಬದಿಗಿಟ್ಟ ಬೋಲ್ಟನ್ನು ಮತ್ತೆ ಬಂದೂಕಿಗೆ ಹಾಕತೊಡಗಿದರು. ಆ ಅಂಗಡಿಯಲ್ಲಿ ಇಷ್ಟು ವರ್ಷದಲ್ಲಿ ಎಡಗೈ ಚಾಚಿದವರೆಲ್ಲ ಅವರ ಮುಂದೆ ಬಲಗೈಯವರಾಗಿಯೇ ಹೊರಗೆ ಹೋಗಿದ್ದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ, ಬರುವುದೂ ಇರಲಿಲ್ಲ. ಆದರೆ ಮರುದಿನದಿಂದ ಫೋನ್ ಹಿಡಿದು ಕೂತರು. ಎಡಗಡೆ ಬೋಲ್ಟ್ ಇರುವ ಬಂದೂಕು ನಮ್ಮ ಕಡೆ ಸಿಗುವುದು ಹುಲಿಯ ಹಾಲು ಸಿಕ್ಕಂತೆ. ಬೆಳಗಾವಿಯ ಅಂಗಡಿಯವರು ನಕ್ಕರಂತೆ. ಲೈಸೆನ್ಸಿನ ಅವಧಿ ಬೆಳೆಸಲು ಅರ್ಜಿ ಹಾಕುವಾಗ ಕಾಕಾ ತಾವೇ ಕಚೇರಿಗೆ ಬಂದು ಬಾಕಿನ ಮೇಲೆ ನನ್ನ ಜೊತೆ ಕೂತರು. ಕೊನೆಗೆ ಪುಣೆಯಲ್ಲಿ ಒಬ್ಬ ಹಳೆಯ ಶೂಟರ್ ಮಾರಲು ಒಪ್ಪಿದರು.

ಬಂದೂಕು ಬಂದ ದಿನ ಕಣ್ಣು ಮುಚ್ಚಿ ಎಡಹೆಗಲಿಗೆ ಒತ್ತಿದೆ. ತೆರೆದಾಗ ಗುರಿ ಕಣ್ಣಿನ ನಟ್ಟನಡುವೆ ನಿಂತಿತ್ತು. ಕುತ್ತಿಗೆ ಅಲುಗಲಿಲ್ಲ. ನನಗೆ ಅಳು ಬಂತು. ಕಾಕಾ, "ಈಗ ಒಯ್ಯಿರಿ" ಅಂದರು, ಅಷ್ಟೇ.

ಒಯ್ದು ಒಂದು ಗುಂಡು ಹಾರಿಸುವ ಮೊದಲೇ ಚುನಾವಣೆ ಘೋಷಣೆಯಾಯಿತು. ಲೈಸೆನ್ಸ್ ಇದ್ದವರೆಲ್ಲ ಬಂದೂಕು ಜಮಾ ಮಾಡಬೇಕು. ಬಂದ ದಾರಿಯಲ್ಲೇ ಅದು ಕಾಕಾರ ಕಪಾಟಿಗೆ ವಾಪಸ್ ಹೋಯಿತು. ಮತ ಎಣಿಕೆ ಮುಗಿಯುವ ಹೊತ್ತಿಗೆ ಕಾಕಾರಿಗೆ ಲಕ್ವ ಹೊಡೆದು, ಅಂಗಡಿಗೆ ಬೀಗ ಬಿತ್ತು. ಒಳಗೆ ನನ್ನ ಬಂದೂಕು, ಹೊರಗೆ ನಾನು. ಯಾರನ್ನು ಬಯ್ಯಬೇಕೆಂದು ತಿಳಿಯದೆ ಎಲ್ಲರನ್ನೂ ಬಯ್ದೆ. ಅಧಿಕಾರಿಗಳು ಬಂದು ಬೀಗ ತೆಗೆಸಿ ಅವರವರ ಬಂದೂಕು ಅವರವರಿಗೆ ಕೊಡಿಸುವಷ್ಟರಲ್ಲಿ ಮಳೆಗಾಲ ಅರ್ಧ ಕಳೆದಿತ್ತು.

ರಾಯಾಪುರದ ಆಚೆಯ ರೇಂಜಿನಲ್ಲಿ ಮೊದಲ ಸಲ ಹೊಡೆದ ಗುರಿಯ ಕಾಗದ ಹಿಡಿದು, ಅಲ್ಲಿಂದಲೇ ಧಾರವಾಡಕ್ಕೆ, ಮಾಳಮಡ್ಡಿಯ ಅವರ ಮನೆಗೆ ಹೋದೆ. ಕಾಕಾ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಬಲಗೈ ತೊಡೆಯ ಮೇಲೆ ಯಾರದೋ ಸಾಮಾನಿನ ಹಾಗೆ ಬಿದ್ದಿತ್ತು. ಹಣೆಯ ವಿಭೂತಿ ಸೊಟ್ಟಗಿತ್ತು, ಅವರ ಹೆಂಡತಿ ಕಾಕು ಹಚ್ಚಿದ್ದು.

"ಊಟಾನ ಬಿಟ್ಟಾರ್ರಿ," ಕಾಕು ಕಣ್ಣೊರೆಸಿಕೊಂಡರು. "ನಾ ಉಣಿಸಿದ್ರ ಕೂಸಲ್ಲ ಅಂತಾರ. ಎಡಗೈಲೆ ಉಣ್ರಿ ಅಂದ್ರ ಆ ಕೈಲೆ ಅನ್ನ ಮುಟ್ಟೂದಿಲ್ಲ ಅಂತಾರ. ಡಾಕ್ಟರ್ ಬೈದು ಹೋದ್ರು."

ತಾಟಿನಲ್ಲಿ ರೊಟ್ಟಿ, ಝುಣಕ ಹಾಗೇ ಇತ್ತು. ಆ ಮನುಷ್ಯ ಇಷ್ಟೊಂದು ಇಳಿದಿದ್ದು ನೋಡಿ ನನಗೆ ಮರುಕ ಬರಬೇಕಿತ್ತು, ಬಂದದ್ದು ಸಿಟ್ಟು. ಸಾಲೆಯ ಫೂಟ್‌ಪಟ್ಟಿಯಿಂದ ಹಿಡಿದು ಕೊಯ್ದ ಕಟ್ಟಿಗೆಯವರೆಗಿನ ಸಿಟ್ಟೆಲ್ಲ ಒಟ್ಟಿಗೆ ಬಂತು. "ನನಗೂ ಒಂದು ತಾಟ ಹಚ್ಚಿ ಕೊಡ್ರಿ ಕಾಕು" ಅಂದೆ. ಮಂಚದ ಮುಂದೆಯೇ ನೆಲಕ್ಕೆ ಕೂತು, ಬಲಗೈ ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯಿಂದ ರೊಟ್ಟಿ ಮುರಿದೆ. ರೂಢಿ ತಪ್ಪಿದ ಕೈ. ಅರ್ಧ ಝುಣಕ ಬಟ್ಟೆಯ ಮೇಲೆ ಬಿತ್ತು. ಆದರೂ ಅವರ ಮುಖ ನೋಡುತ್ತಲೇ ಪೂರ್ತಿ ಉಂಡೆ. ಕಾಕಾ ಈ ಸಲ ಫ್ಯಾನ್ ನೋಡಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು.

ಅವರು ತಾಟು ಮುಟ್ಟಲಿಲ್ಲ. ಹೊರಡುವ ಮುಂಚೆ ಗುರಿಯ ಕಾಗದವನ್ನು ಎಡಗೈಯಿಂದಲೇ ಚಾಚಿದೆ. ತುಸು ಹೊತ್ತು ಬಿಟ್ಟು ಅವರ ಎಡಗೈ ಮುಂದೆ ಬಂತು. ಕಾಗದವನ್ನು ಬೆಳಕಿಗೆ ಹಿಡಿದು, ತೂತುಗಳನ್ನು ಒಂದೊಂದಾಗಿ ನೋಡಿದರು. ಭೇಷ್ ಅನ್ನುತ್ತಾರೆ ಎಂದು ಕಾದೆ.

"ಎಲ್ಲಾ... ಮ್ಯಾಲ ಹೊಂಟಾವ," ತೊದಲುತ್ತ ಹೇಳಿದರು. "ಮುಂದಿನ್ಸಲ... ಹೇಳತೇನಿ. ಬರ್ರಿ."

ಮುಂದಿನ ಸಲ ಹೋದಾಗ ಅಂಗಳದಲ್ಲಿ ಕಾಕಾರನ್ನು ಮಣ್ಣು ಮಾಡಲು ಮಂದಿ ಸೇರಿದ್ದರು. ಕಾಕು ನನ್ನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದರು: "ನೀವು ಹೋದ ದಿನದಿಂದ ಉಣ್ಣಾಕ ಹತ್ತಿದ್ರುರಿ. ಮದ್ಲ ಬಾಗಲಾ ಹಾಕು ಅಂತಿದ್ರು. ಆಮ್ಯಾಲ ಎಡಗೈಲೆ ರೊಟ್ಟಿ ಮುರೀತಿದ್ರು. ಯಾರಿಗೂ ಹೇಳಬ್ಯಾಡ ಅಂದಿದ್ರು, ನಿಮಗಷ್ಟ ಹೇಳೀನಿ."

ಈಗಲೂ ಭಾನುವಾರ ರಾಯಾಪುರಕ್ಕೆ ಹೋಗುತ್ತೇನೆ. ಎರಡೂ ಕಣ್ಣು ತೆರೆದು ಹೊಡೆಯುತ್ತೇನೆ. ತಲೆನೋವಿಲ್ಲ, ಕುತ್ತಿಗೆ ಹೊರಳುವುದಿಲ್ಲ. ಗುಂಡುಗಳು ಮಾತ್ರ ಇನ್ನೂ ಮೇಲೆಯೇ ಹೋಗುತ್ತವೆ. ಯಾಕೆಂದು ಅವರಿಗೆ ಗೊತ್ತಿತ್ತು, ಮತ್ತು ಹೇಳದೆಯೇ ಹೋದರು. ಪ್ರತಿ ಸಲ ಕಾಗದ ಬಿಚ್ಚಿಕೊಂಡಾಗ ಆ ಸಿಟ್ಟು ಬರುತ್ತದೆ. ಅದನ್ನು ಎಡಗೈಯಲ್ಲಿ ಹಿಡಿದು ಬೆಳಕಿಗೆ ನೋಡುತ್ತ, "ಹೇಳ್ರಿ ಕಾಕಾ" ಅನ್ನುತ್ತೇನೆ.