ದೀಪದ ಹೊತ್ತಿಗೆ ಮುಚ್ಚಿದ ಬಾಗಿಲು

ಕ್ಯಾತ್ಸಂದ್ರದ ಈ ಬಾಡಿಗೆ ಮನೆಗೆ ಬಂದ ದಿನ ಸಂಜೆ ಯಾರೋ ಬಾಗಿಲು ಬಡಿದರು. ಒಲೆ ಆರಿಸಿ, ಚಪ್ಪಲಿ ಒಳಗೆಳೆದುಕೊಂಡು, ಬಚ್ಚಲುಮನೆಯಲ್ಲಿ ಉಸಿರು ಬಿಗಿಹಿಡಿದು ನಿಂತುಬಿಟ್ಟೆ. ನಾನು ಹುಟ್ಟಿದ ನಿಟ್ಟೂರು ಇಲ್ಲಿಗೆ ಹತ್ತಿರವೇ. ನನ್ನ ಸೀಮೆಯಲ್ಲೇ ನಾನು ಅಡಗಿದ್ದೆ.

ಗಲ್ಫಿನಲ್ಲಿ ಕಲಿತ ಅಭ್ಯಾಸ ಅದು. ನಮ್ಮ ಯಜಮಾನರು ಅಲ್ಲಿ ಒಂದು ಮೆಸ್ಸಿನಲ್ಲಿ ಕೆಲಸಗಾರರಿಗೆ ಮುದ್ದೆ ಸಾರು ಮಾಡುತ್ತಿದ್ದರು. ಹೊರಗಿನವರಿಗೆ ಜಾಮೀನು ನಿಲ್ಲುವ ಧಣಿಗೆ ಅಲ್ಲಿ ಕಫೀಲ ಅನ್ನುತ್ತಾರೆ. ಇರಲು ಬಿಡುವ ಕಾರ್ಡಿಗೆ ಇಕಾಮಾ. ನಮ್ಮ ಕಫೀಲ ಇಕಾಮಾ ಮಾಡಿಸಿಕೊಡಲಿಲ್ಲ. ಆಮೇಲೆ ಬಾಗಿಲು ಬಡಿದಾಗಲೆಲ್ಲ ಲೈಟು ಆರಿಸುವುದೇ ಬದುಕಾಯಿತು. ಕೊನೆಗೆ ಇಬ್ಬರನ್ನೂ ಹಿಡಿದರು. ಹೆಂಗಸರನ್ನು ಮೊದಲು ವಿಮಾನ ಹತ್ತಿಸಿದರು. ಯಜಮಾನರನ್ನು ಅಲ್ಲೇ ಇರಿಸಿಕೊಂಡರು. ಹಿಡಿದ ದಿನ ಬಳೆ, ಫೋನು ಎಲ್ಲ ತೆಗೆಸಿದ ಹೆಣ್ಣು ಪೊಲೀಸು ನನ್ನ ಸೆರಗಿನ ಗಂಟಿನಲ್ಲಿದ್ದ ವಿಭೂತಿ ಗಟ್ಟಿಯನ್ನು ಮೂಸಿ ನೋಡಿ ವಾಪಸ್ಸು ಕೊಟ್ಟಳು. ಅದೂ ಶಿವನ ದಯೆಯೇ.

ಹೆಂಗಸರನ್ನು ಕೂಡಿಹಾಕಿದ್ದ ಕೋಣೆಯಲ್ಲಿ ಕೇರಳದ ಮುದುಕಿಯೊಬ್ಬಳು ಹೇಳುತ್ತಿದ್ದಳು: ಹಿಂದೆಲ್ಲ ಹೊರಗಟ್ಟಿಸಿಕೊಂಡವರು ಬೇರೆ ಪಾಸ್‌ಪೋರ್ಟು ಮಾಡಿಸಿಕೊಂಡು ಮತ್ತೆ ಬರುತ್ತಿದ್ದರಂತೆ. ಈಗ ಬೆರಳನ್ನೂ ಕಣ್ಣನ್ನೂ ಯಂತ್ರ ನೆನಪಿಟ್ಟುಕೊಳ್ಳುತ್ತದೆ. ಮುಂದೆ ರಸ್ತೆಯಲ್ಲಿ ಮುಖ ಕಂಡರೇ ಸಾಕು, ಬಾಗಿಲು ಬಡಿಯುವ ಶ್ರಮವೂ ಅವರಿಗಿರುವುದಿಲ್ಲ ಎಂದು ನಗುತ್ತಿದ್ದಳು.

ಇಲ್ಲಿ ಬಡಿದವರು ಮನೆ ಓನರ್ ಲಲಿತಕ್ಕ. “ಏನೇ ಪುಷ್ಪಾ, ದೀಪ ಹಚ್ಚೋ ಹೊತ್ನಲ್ಲಿ ಮುಂದಿನ್ ಬಾಗ್ಲು ಹಾಕ್ಕೊಂಡಿದೀಯಲ್ಲ! ಲಕ್ಷ್ಮಿ ಏನು ಕಿಟಕಿ ಹತ್ತಿ ಬರ್ಬೇಕಾ?”

ನಮ್ಮ ಕಡೆ ಸಂಜೆ ಹಿತ್ತಿಲ ಬಾಗಿಲು ಮುಚ್ಚಿ, ಮುಂಬಾಗಿಲು ತೆರೆದು ದೀಪ ಹಚ್ಚುವುದು. ನನಗೆ ತಿಳಿಯದ್ದೇನಲ್ಲ. ಕೈ ಚಿಲಕಕ್ಕೆ ಹೋಗುತ್ತಿರಲಿಲ್ಲ, ಅಷ್ಟೆ. ದಿನಾ ಬೈಸಿಕೊಂಡೆ. ರಜೆಗೆ ಬಂದಿದ್ದೇನೆಂದು ನಂಬಿದ್ದ ಗುಬ್ಬಿಯ ನಾದಿನಿ ಫೋನಿನಲ್ಲಿ, “ರಜಾ ಎಲ್ಲೀವರ್ಗೂ ಅತ್ತಿಗೆ?” ಎಂದರೆ, “ಇನ್ನೂ ಇದೆ” ಅನ್ನುತ್ತಿದ್ದೆ. ಅಲ್ಲಿ ಭಾಷೆ ಬಾರದೆ ಸುಮ್ಮನಿದ್ದೆ. ಇಲ್ಲಿ ಭಾಷೆ ಬಂದೂ ಸುಮ್ಮನಿದ್ದೆ.

ಒಂದು ಸಂಜೆ ತಡೆಯಲಾರದೆ ಲಲಿತಕ್ಕನಿಗೆ ಹೇಳಿಬಿಟ್ಟೆ. “ನಮ್ಮೆಜಮಾನ್ರನ್ನ ಗಲ್ಫಲ್ಲಿ ಪೊಲೀಸ್ರು ಹಿಡಿದಿಟ್ಕೊಂಡವ್ರೆ ಅಕ್ಕ. ನನ್ನನ್ನ ಓಡ್ಸಿದ್ದೂ ಅವ್ರೇ.”

“ಅಯ್ಯೋ ಶಿವನೇ! ಏನಾರ ಕದ್ರಾ?”

“ಇಲ್ಲ, ಸಾರು ಮಾಡಿದ್ರು.”

“ಸಾರು ಮಾಡ್ದೋರ್ನ ಹಿಡಿಯೋದಾದ್ರೆ ನನ್ನ ನೇಣಿಗೇ ಹಾಕ್ಬೇಕು ಬುಡು” ಎಂದು ಲಲಿತಕ್ಕ ತಾವೇ ಚಿಲಕ ತೆಗೆದು ಹೊಸ್ತಿಲಾಚೆ ಕುಕ್ಕರಿಸಿದರು. “ನೀನು ಹಚ್ಚು. ಯಾವನ್ ಬರ್ತಾನೋ ನಾನ್ ನೋಡ್ತೀನಿ.”

ಆಮೇಲೆ ದಿನಾ ಬಂದು ಕೂರುತ್ತಿದ್ದಾರೆ.

ನಿನ್ನೆ ಯಜಮಾನರ ಫೋನು ಬಂತು. ಟಿಕೆಟ್ ಆಗಿದೆಯಂತೆ. ಬೆರಳು, ಕಣ್ಣು ಎಲ್ಲ ತೆಗೆದುಕೊಂಡಾಯಿತಂತೆ. ಇನ್ನು ಆ ಕಡೆ ತಲೆ ಹಾಕುವಂತಿಲ್ಲ. “ಬರ್ತಿದೀನಿ” ಅನ್ನಲಿಲ್ಲ. “ಕಳಿಸ್ತವ್ರೆ ಕಣೇ” ಅಂದರು. ಅಲ್ಲಿನ ನಮ್ಮ ಬಾಲ್ಕನಿಯ ಕರಿಬೇವಿನ ಗಿಡಕ್ಕೆ ಯಾರು ನೀರು ಹಾಕ್ತಾವ್ರೋ ಎಂದರು. ನನ್ನ ಯೋಚನೆಯೂ ಅದೇ ಆಗಿತ್ತು.

“ಮನೆಗೆ ಬನ್ನಿ” ಅನ್ನಬೇಕಿತ್ತು. ಯಾವ ಮನೆ ಎಂದು ಕೇಳಿಬಿಟ್ಟರೆ? “ಕ್ಯಾತ್ಸಂದ್ರ ಸ್ಟೇಷನ್ನಲ್ಲಿ ಇಳ್ಕೊಳ್ರಿ, ನಾನ್ ನಿಂತಿರ್ತೀನಿ” ಅಂದೆ.