ಗೋಡೆಯ ಮೇಲಿನ ಬಾರ್ಕ್‌ಶರ್

ಮೊನ್ನೆ ನಮ್ಮ ಬೀದಿಯ ತಿರುವಿನಲ್ಲಿ ಹೊಸ ವಾರ್ಡಿನ ಫಲಕಕ್ಕೆ ಬಣ್ಣ ಹೊಡೆಯುತ್ತಿದ್ದರು. ಮನೆ ಅಲ್ಲೇ ಇದೆ, ವಾರ್ಡು ಮಾತ್ರ ಬದಲಾಗಿದೆ. ಹಸಿ ಬಣ್ಣದ ವಾಸನೆಗೆ ಅದೇಕೋ ದೊಡ್ಡತ್ತೆಯ ಕೋಣೆ ಕಣ್ಣ ಮುಂದೆ ತೇಲಿ ಬಂತು.

ದೊಡ್ಡತ್ತೆ ನಮ್ಮ ಮಾವನವರ ಅಕ್ಕ, ಭೂಗೋಳದ ಮೇಡಂ ಆಗಿ ನಿವೃತ್ತರಾದವರು. ಎಪ್ಪತ್ತರ ದಶಕದ ಕೊನೆಗೆ ನಾನು ಗದಗಿನಿಂದ ಸೊಸೆಯಾಗಿ ಬಸವನಗುಡಿಗೆ ಬಂದಾಗ ಅವರ ಗೋಡೆಯ ತುಂಬ ಇಂಗ್ಲೆಂಡಿನ ಒಂದು ಜಿಲ್ಲೆ ತೂಗುತ್ತಿತ್ತು: ಬರ್ಕ್‌ಶೈರ್. ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೆಯ ನಕ್ಷೆ. ತುಮಕೂರಿನಾಚೆ ಕಾಲಿಡದ ಅವರು ಮಧ್ಯಾಹ್ನದ ಜೊಂಪಿನಲ್ಲಿ ಅಲ್ಲಿನ ಊರೂರು ಅಲೆಯುತ್ತಿದ್ದರು. "ಪ್ಯಾರಿಶ್ ಅಂದ್ರೆ ಒಂದು ಚರ್ಚಿಗೆ ಸೇರಿದ ಊರು ಕಣೇ. ನಮ್ಮ ಗ್ರಾಮದೇವತೆಗೆ ಎಲ್ಲೆ ಇರಲ್ವೆ, ಹಾಗೆ." ನಾನು ಹೂಂಗುಟ್ಟುತ್ತಿದ್ದೆ. ನನ್ನ ಕಣ್ಣಿಗೋ ಆ ಹಸಿರು ಗುಡ್ಡಗಳ ನಡುವೆಯೂ ಗದಗಿನ ರೈಲೇ ಓಡುತ್ತಿತ್ತು. ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿನಲ್ಲಿ ಜೋಕಾಲಿ ಆಡಲೇಬೇಕು. ಇಲ್ಲಿ ನನ್ನ ಅತ್ತೆ, "ಆ ಪದ್ಧತಿ ನಮ್ಮಲ್ಲಿಲ್ಲ. ಇನ್ಮೇಲೆ ಇದೇ ನಿನ್ನೂರು" ಎಂದುಬಿಟ್ಟಿದ್ದರು.

ಪಂಚಮಿ ಹತ್ತಿರವಾದ ಆ ವಾರ ಪಕ್ಕದ ಮನೆಯ ಡಾಕ್ಟರರ ಅತಿಥಿಯಾಗಿ ಬಂದಿದ್ದ ಇಂಗ್ಲಿಷ್ ಮುದುಕಿಯೊಬ್ಬಳು ನಕ್ಷೆ ನೋಡಲು ಬಂದಳು. ಅದು ಅವಳದೇ ಜಿಲ್ಲೆ! 'ಬಾರ್ಕ್‌ಶರ್' ಎಂದು ಅವಳು ಉಚ್ಚರಿಸಿದಾಗ ದೊಡ್ಡತ್ತೆ ಗಲ್ಲಕ್ಕೆ ಕೈಯಿಟ್ಟರು. "ಅಯ್ಯೋ, ಎಷ್ಟು ಮಕ್ಕಳಿಗೆ ತಪ್ಪು ಹೇಳ್ಕೊಟ್ನೋ!"

ಸುಣ್ಣಕಲ್ಲಿನ ಗುಡ್ಡದ ಮೇಲೆ ಯಾವುದೋ ಕಾಲದವರು ಬಿಳಿ ಕುದುರೆಯೊಂದನ್ನು ಕೊರೆದಿದ್ದಾರಂತೆ; ಆ ಗುಡ್ಡದ ತಪ್ಪಲಲ್ಲೇ ಅವಳ ಊರು. ಈಚೆಗೆ ಸರ್ಕಾರ ಗಡಿ ಬದಲಿಸಿ, ಊರನ್ನೂ ಕುದುರೆಯನ್ನೂ ಪಕ್ಕದ ಆಕ್ಸ್‌ಫರ್ಡ್‌ಶರ್‌ಗೆ ಸೇರಿಸಿತ್ತು. ನಕ್ಷೆ ತಪ್ಪಿರಬಾರದು ಎಂದು ದೊಡ್ಡತ್ತೆ ನೀಲಿ ಪೆನ್ಸಿಲ್ ಕೊಟ್ಟರು. ಮುದುಕಿ ಹೊಸ ಗಡಿಯ ಗೆರೆ ಎಳೆಯುತ್ತ ಬಂದವಳು ತನ್ನೂರಿನ ಹತ್ತಿರ ನಿಂತುಬಿಟ್ಟಳು. ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ ಎಂದಳು, ಮೆಲ್ಲನೆ. ಮಕ್ಕಳು ನಕ್ಷೆಯಲ್ಲಿ ರಬ್ಬರು ಹಾಕಿ ಅಳಿಸಿದರೆ ಅಂಕ ಕಳೆಯುತ್ತಿದ್ದ ನಮ್ಮ ಮೇಡಂ ಅವಳ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, ಎಳೆದಷ್ಟು ಗೆರೆಯನ್ನು ತಾವೇ ಅಳಿಸಿದರು.

ಅವಳು ಹೋದ ಮೇಲೆ ದೊಡ್ಡತ್ತೆ ನಕ್ಷೆಯ ಮೇಲಿನ ರಬ್ಬರಿನ ಪುಡಿ ಕೊಡವಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಪಂಚಮಿಗೆ ಊರಿಗೆ ಹೋಗ್ಬೇಕು ಅನ್ಸುತ್ತೇನೇ?"

"ಹೌದ್ರಿ" ಎನ್ನುವಷ್ಟರಲ್ಲಿ ನನಗೆ ಅಳು ಬಂತು.

ಅವರು ಎದ್ದು ಅಡುಗೆಮನೆಗೇ ಹೋದರು. "ನೋಡಮ್ಮ, ನಾಳೆ ಇವಳನ್ನ ನಾನೇ ಕರ್ಕೊಂಡು ಹೋಗ್ತಿದೀನಿ" ಎಂದರು. ಅತ್ತೆ ಒಗ್ಗರಣೆಯ ಸೌಟು ಹಿಡಿದೇ ನಿಂತರು. ಗಂಡನ ಅಕ್ಕನಿಗೆ ಎದುರಾಡುವವರಲ್ಲ.

ಹಾಗೆ ದೊಡ್ಡತ್ತೆ ತುಮಕೂರು ದಾಟಿದರು. ಕಿಟಕಿಯ ಪಕ್ಕ ಕೂತು ಒಂದೊಂದು ನಿಲ್ದಾಣದ ಹೆಸರನ್ನೂ ಗಟ್ಟಿಯಾಗಿ ಓದಿದರು. ಗದಗಿನ ನಮ್ಮ ಮನೆಯ ಬೇವಿನ ಮರದ ಜೋಕಾಲಿಯಲ್ಲಿ, ಸೆರಗು ಸಿಕ್ಕಿಸಿ, ಆ ವಯಸ್ಸಿನಲ್ಲಿ, ನನಗಿಂತ ಎತ್ತರಕ್ಕೆ ಜೀಕಿದರು.

ಹೋದ ತಿಂಗಳು ನಮ್ಮ ಮನೆಗೂ ಸೊಸೆ ಬಂದಿದ್ದಾಳೆ, ಕುಂದಾಪುರದ ಹುಡುಗಿ. ಇವತ್ತು ಒಲೆಯ ಉರಿ ತಗ್ಗಿಸಿ, "ನಿಮ್ಮೂರಲ್ಲಿ ಈಗ ಏನು ನಡೀತಿರುತ್ತಮ್ಮಾ?" ಎಂದು ಕೇಳಿದೆ. ಅವಳು ಹೇಳತೊಡಗಿದ್ದಾಳೆ; ಸಾರು ಕುದಿಯಲು ಇನ್ನೂ ಹೊತ್ತಿದೆ.