ಸೀರೆ ಹರಿದು ಕಟ್ಟಿದ ಗಂಟುಗಳು

ತೊಂಬತ್ತರ ದಶಕದ ಕೊನೆಯ ಮಾತು. ಹಿಂದೂಪುರದ ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರ ಪಾಠ ಮಾಡುತ್ತಿದ್ದೆ. ಮನೆಯಲ್ಲಿ ಮಾತ್ರ ಅಮ್ಮನದೇ ದರ್ಬಾರು.

ಅಮ್ಮನಿಗೂ ಕಲ್ಯಾಣದುರ್ಗದಲ್ಲಿದ್ದ ಅವಳ ಅಕ್ಕನಿಗೂ, ಅಂದರೆ ನಮ್ಮ ದೊಡ್ಡಮ್ಮನಿಗೂ, ವರ್ಷಗಳಿಂದ ಮಾತಿರಲಿಲ್ಲ. ಯಾವುದೋ ಮದುವೆಯಲ್ಲಿ ತಾಂಬೂಲ ಮೊದಲು ಯಾರಿಗೆ ಕೊಟ್ಟರೆಂದು ಜಗಳ. ಎಂಥ ಘನಂದಾರಿ ವಿಷಯ ನೋಡಿ! ಈಗ ದೊಡ್ಡಮ್ಮನ ಮಗಳು ತುಂಬಿದ ಬಸುರಿ, ತವರಿಗೆ ಬಂದಿದ್ದಾಳೆಂದು ಸುದ್ದಿ. ನಮಗೆ ಕರೆ ಬರಲಿಲ್ಲ. ಆ ಹುಡುಗಿಯನ್ನು ಎತ್ತಿ ಆಡಿಸಿದವಳು ಅಮ್ಮ. ಈ ಹೊತ್ತಿನಲ್ಲೂ ಅಕ್ಕನ ಮನೆ ಬಾಗಿಲು ತೆರೆಯದಿದ್ದರೆ ಇನ್ನೆಂದೂ ತೆರೆಯುವುದಿಲ್ಲವೆಂದು ಒಳಗೊಳಗೇ ಬೇಯುತ್ತಿದ್ದಳು.

“ಫೋನ್ ಮಾಡು” ಎಂದೆ.

“ಬಾಯಿ ಬಿಟ್ರೆ ಇಬ್ರಿಗೂ ಜಗಳಾನೇ ಬತ್ತದೆ ಕಣಮ್ಮ. ಸುಮ್ಕಿರು.”

ಹಾಗೆಂದು ತನ್ನ ಹಳೆಯ ನೂಲಿನ ಸೀರೆಯೊಂದನ್ನು ಹರಿದು, ಬಾಣಂತಿಗೆ ಬೇಕಾದ ಒಣಶುಂಠಿ, ಉತ್ತತ್ತಿ, ಕೊಬ್ಬರಿಗಳನ್ನು ಬೇರೆ ಬೇರೆ ಗಂಟು ಕಟ್ಟತೊಡಗಿದಳು. ತಾತ ಮಗ್ಗದಲ್ಲಿ ನೇಯ್ದ ಸೀರೆ ಅದು. ನೂಲು ಸುತ್ತಿಕೊಟ್ಟಿದ್ದವಳು ದೊಡ್ಡಮ್ಮ. ನಾನು ಪ್ಲಾಸ್ಟಿಕ್ ಕವರ್ ಕೊಡಲು ಹೋದೆ.

“ಕವರ್ ನೋಡಿದ್ರೆ ಯಾರ್ದೂಂತ ಏನು ಗೊತ್ತಾಯ್ತದೆ?” ಎಂದು ಗದರಿದಳು.

ನನಗೆ ಮೈ ಜುಮ್ಮೆಂದಿತು. ಆ ವಾರ ನಾನು ಓದುತ್ತಿದ್ದುದೂ ಇದನ್ನೇ. ಜೀವಕೋಶದೊಳಗೆ ಒಂದು ಚೀಲವಿರುತ್ತದೆ. ಅದರ ಗೋಡೆ ಅಲ್ಲಲ್ಲಿ ಒಳಕ್ಕೆ ಮಡಚಿ ಕಳಚಿಕೊಂಡು, ಚೀಲದೊಳಗೇ ಪುಟ್ಟ ಪುಟ್ಟ ಚೀಲಗಳಾಗುತ್ತವೆ. ದೊಡ್ಡ ಚೀಲ ಕೋಶದ ಅಂಚಿಗೆ ಬಂದು, ಹೊರಪೊರೆಯೊಂದಿಗೆ ಬೆಸೆದು ಬಾಯಿ ತೆರೆದಾಗ ಪುಟ್ಟವೆಲ್ಲ ಹೊರಬೀಳುತ್ತವೆ. ಒಳಗೆ ಪ್ರೋಟೀನು ಮುಂತಾದ ಸರಕು. ಹೊದಿಕೆ ಮಾತ್ರ ತವರುಕೋಶದ್ದೇ, ಅದರ ಗುರುತು ಹೊತ್ತದ್ದು. ಕೋಶ ಕಸ ಬಿಸಾಡುತ್ತಿದೆ ಎಂದೇ ಮೊದಮೊದಲು ಅಂದುಕೊಂಡಿದ್ದರು. ಇನ್ನೊಂದು ಕೋಶಕ್ಕೆ ಸುದ್ದಿ ಮುಟ್ಟಿಸುವ ದಾರಿಯೂ ಇದೇ ಇರಬಹುದೆಂಬ ಮಾತು ಆಗಷ್ಟೇ ಏಳುತ್ತಿತ್ತು. ಎಲ್ಲವನ್ನೂ ಅಮ್ಮನಿಗೆ ವಿವರಿಸಿದೆ.

“ಅಷ್ಟೂ ತಿಳೀದೆ ಇರಾಕೆ ಅವೇನು ಮನುಷ್ಯರಾ?” ಎಂದು ಗಂಟು ಬಿಗಿದಳು.

ಗಂಟುಗಳನ್ನು ದೊಡ್ಡ ಚೀಲಕ್ಕೆ ತುಂಬಿ ಕಲ್ಯಾಣದುರ್ಗದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆವು. ಕೆಲವು ದಿನಗಳಾದ ಮೇಲೆ ಅವನು, “ಇದ್ಗೋ ಅಮ್ಮಾ, ಮೀ ಸಂಚಿ” ಎಂದು ಚೀಲ ಹಿಂದಿರುಗಿಸಿದ. ನೋಡಿದರೆ ಖಾಲಿ! ನಮ್ಮ ಕಡೆ ಹಗೆಯವರು ಕೂಡ ಒಂದು ಹಿಡಿ ಸಕ್ಕರೆಯಾದರೂ ಹಾಕದೆ ಬರಿದು ಕಳಿಸುವುದಿಲ್ಲ. ದೊಡ್ಡಮ್ಮನ ಮೇಲೆ ನನಗೆ ಮೈಯೆಲ್ಲ ಉರಿದುಹೋಯಿತು.

ಅಮ್ಮ ಚೀಲವನ್ನು ತಿರುವಿ ಕೊಡವಿದಳು. “ಬಟ್ಟೆ ತುಂಡೂ ಇಲ್ಲ ಕಣೇ. ಇಟ್ಕೊಂಡ್ಬುಟ್ಟವಳೆ! ಮಗು ಆಗ್ಯದೆ. ಪುರುಡಿನ ಮೈಲಿಗೆ ಇರೋ ಮನೆಯಿಂದ ಏನಾದ್ರೂ ಹಾಕಿ ಕಳಿಸ್ತಾರೇನೆ?”

ಮರುದಿನವೇ ನನ್ನನ್ನೂ ಎಳೆದುಕೊಂಡು ಬಸ್ ಹತ್ತಿದಳು. ದೊಡ್ಡಮ್ಮನ ನಡುಮನೆಯಲ್ಲಿ ಹಸುಗೂಸು ಮಲಗಿತ್ತು. ಅದರ ಕೆಳಗೆ, ಮೇಲೆ ಎಲ್ಲ ಅಮ್ಮನ ಸೀರೆಯ ತುಂಡುಗಳೇ. ಗಂಟು ಹಾಕಿದ ಸುಕ್ಕು ಇನ್ನೂ ಹೋಗಿರಲಿಲ್ಲ.

ಅಡುಗೆಮನೆಯಿಂದ ಬಂದ ದೊಡ್ಡಮ್ಮ ತಂಗಿಯನ್ನು ನೋಡಿದ್ದೇ ಗುಡುಗಿದಳು: “ಗಂಟು ಬಂತು, ನೀನ್ಯಾಕೆ ಬರ್ಲಿಲ್ಲ? ಅವತ್ತಿಂದ ಬಾಗ್ಲು ತೆಕ್ಕೊಂಡೇ ಕೂತಿವ್ನಿ!”